ಪಿಕಪ್‌ಗೆ ದೊಡ್ಡ ಟೈರು: ಎತ್ತರಕ್ಕಿಂತ ಮೊದಲು ಹಿಡಿತ

ಜೂನ್ ಕೊನೆಯ ವಾರ. ಮೂಡಿಗೆರೆ ಕಡೆಯ ತೋಟದ ಇಳಿಜಾರಿನಲ್ಲಿ ಭಾವನ ವಿ-ಕ್ರಾಸ್ ಪಿಕಪ್ ಹೂತು ಕೂತಿತ್ತು. ಹಿಂದೆ ಬೋರ್ಡೋ ಸಿಂಪಡಣೆಗೆಂದು ತಂದ ಸುಣ್ಣ, ಮೈಲುತುತ್ತದ ಚೀಲಗಳು. ನಾಲ್ಕು ಜನ ತಳ್ಳಿದರೂ ಚಕ್ರ ನಿಂತಲ್ಲೇ ತಿರುಗುತ್ತಿತ್ತು. ಕೊನೆಗೆ ಪಕ್ಕದ ತೋಟದ ಟ್ರ್ಯಾಕ್ಟರ್ ಬಂದು ಎಳೆಯಬೇಕಾಯಿತು. ಅಂದು ಸಂಜೆ ಕಾಫಿ ಕುಡಿಯುತ್ತಾ ಭಾವ ತೀರ್ಮಾನ ಮಾಡಿಬಿಟ್ಟರು: “ಗಾಡಿ ಎತ್ತರ ಸಾಲದು ಕಣೋ. ದೊಡ್ಡ ಟೈರು ಹಾಕಿಸಿ, ಮುಂದೆ ಎರಡು ಇಂಚು ಎತ್ತಿಸಿಬಿಡ್ತೀನಿ.”

ನಾನು ಆ ಹೊತ್ತಿಗೆ ಏನೂ ಹೇಳಲಿಲ್ಲ. ಆದರೆ ಟ್ರ್ಯಾಕ್ಟರ್ ಬರುವವರೆಗೆ ಕೊಡೆ ಹಿಡಿದು ಗಾಡಿಯ ಅಡಿ ಬಗ್ಗಿ ನೋಡಿದ್ದೆ. ಹಿಂದಿನ ಆಕ್ಸಲ್ ನಡುವಿನ ಡಿಫರೆನ್ಷಿಯಲ್‌ಗೂ ಕೆಸರಿಗೂ ನಡುವೆ ಒಂದು ಗೇಣಿಗೆ ಸ್ವಲ್ಪ ಕಡಿಮೆ ಜಾಗ ಉಳಿದಿತ್ತು. ಚಾಸಿಸ್ ಎಲ್ಲೂ ನೆಲಕ್ಕೆ ತಾಗಿರಲಿಲ್ಲ. ಟೈರಿನ ಮೇಲೆ ಮಾತ್ರ ಕೆಂಪು ಜೇಡಿ ಮೆತ್ತಿಕೊಂಡು, ಹಲ್ಲುಗಳೇ ಕಾಣದಂತೆ ನುಣ್ಣಗಾಗಿತ್ತು. ಬೆರಳಿನಿಂದ ಕೆರೆದರೆ ಕೆಳಗೆ ಅರ್ಧ ಸವೆದ, ಟಾರು ರಸ್ತೆಗೆಂದೇ ಮಾಡಿದ ಕಂಪನಿಯ ಟೈರು. ಗಾಡಿ ಸಿಕ್ಕಿಕೊಂಡದ್ದು ಎತ್ತರ ಸಾಲದೆ ಅಲ್ಲ, ಹಿಡಿತ ಸಾಲದೆ. ಈ ಎರಡು ಬೇರೆ ಬೇರೆ ಕಾಯಿಲೆ, ಮದ್ದೂ ಬೇರೆ. ಮಲೆನಾಡಿನಲ್ಲಿ, ಕೊಡಗಿನಲ್ಲಿ ಪಿಕಪ್ ಕೊಂಡವರು ಲಕ್ಷಗಟ್ಟಲೆ ಖರ್ಚು ಮಾಡುವ ಮೊದಲು ತಮ್ಮ ಗಾಡಿಗೆ ಇರುವುದು ಯಾವ ಕಾಯಿಲೆ ಎಂದು ತಿಳಿದುಕೊಳ್ಳಲಿ ಎಂಬ ಆಸೆಯಿಂದ ಈ ಲೇಖನ.

ನಮ್ಮಲ್ಲಿ ‘ಪಿಕಪ್’ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಟೊಮೆಟೊ, ಶುಂಠಿ ಹೊತ್ತು ಮಾರುಕಟ್ಟೆಗೆ ಓಡುವ ಬಾಡಿಗೆ ಗಾಡಿ. ಅದರ ವಿಷಯ ಇಲ್ಲಿಲ್ಲ. ಅದಕ್ಕೆ ಭಾರ ಹೊರುವ ಟೈರೇ ಬೇಕು, ಎತ್ತರಿಸುವ ಆಲೋಚನೆಯನ್ನೂ ಮಾಡಬಾರದು. ನಾನು ಹೇಳುತ್ತಿರುವುದು ಐದು ಜನ ಕೂರುವ ಕ್ಯಾಬಿನ್, ಹಿಂದೆ ತೆರೆದ ತೊಟ್ಟಿ, ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಗಾಡಿಗಳ ಬಗ್ಗೆ. 2016ರಲ್ಲಿ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಬಂತು, 2022ರಲ್ಲಿ ಟೊಯೊಟಾ ಹೈಲಕ್ಸ್. ಕಾಫಿ ಸೀಮೆಯಲ್ಲಿ ಹಳೆಯ ಜೀಪು ನಿಂತಿದ್ದ ಶೆಡ್ಡಿನಲ್ಲಿ ಈಗ ಇವು ನಿಂತಿವೆ. ಎರಡಕ್ಕೂ ಮುಂದೆ ಕಾಯಿಲ್ ಸ್ಪ್ರಿಂಗ್, ಒಂದೊಂದು ಚಕ್ರಕ್ಕೂ ಪ್ರತ್ಯೇಕ ಸಸ್ಪೆನ್ಷನ್. ಹಿಂದೆ ಕಮಾನ್ ಪಟ್ಟಿಯ ಮೇಲೆ ಕೂತ ಒಂದೇ ಉದ್ದನೆಯ ಆಕ್ಸಲ್. ಮುಂದೆ ಹೇಳುವ ಎಲ್ಲ ಮಾತೂ ಈ ರಚನೆಯ ಮೇಲೆಯೇ ನಿಂತಿದೆ.

ಮೊದಲು ಟೈರಿನ ಪಕ್ಕದಲ್ಲಿ ಬರೆದಿರುವ ಸಂಖ್ಯೆ ಓದೋಣ. ಭಾವನ ಗಾಡಿಯಲ್ಲಿದ್ದದ್ದು 245/70 ಆರ್ 16. ಟೈರಿನ ಅಗಲ 245 ಮಿ.ಮೀ. ಆ ಅಗಲದ ಶೇ 70ರಷ್ಟು, ಅಂದರೆ 171.5 ಮಿ.ಮೀ., ಪಕ್ಕದ ಗೋಡೆಯ ಎತ್ತರ. ರಿಮ್ಮಿನ ವ್ಯಾಸ 16 ಇಂಚು, ಅಂದರೆ 406.4 ಮಿ.ಮೀ. ಗೋಡೆ ಮೇಲೂ ಇದೆ, ಕೆಳಗೂ ಇದೆ. ಎರಡನ್ನೂ ರಿಮ್ಮಿಗೆ ಕೂಡಿಸಿದರೆ ಟೈರಿನ ಒಟ್ಟು ಎತ್ತರ ಸುಮಾರು 749 ಮಿ.ಮೀ. ಇದಿಷ್ಟು ಲೆಕ್ಕ ಗೊತ್ತಿದ್ದರೆ ಅಂಗಡಿಯಲ್ಲಿ ಯಾರೂ ನಿಮ್ಮನ್ನು ದಾರಿ ತಪ್ಪಿಸಲಾರರು.

ಏಕೆಂದರೆ ಇಲ್ಲಿ ಕಣ್ಣಿಗೆ ಮೋಸವಾಗುವುದೇ ಹೆಚ್ಚು. ವಿ-ಕ್ರಾಸ್‌ನ ದುಬಾರಿ ಮಾದರಿಯಲ್ಲಿ ಬರುವ 255/60 ಆರ್ 18 ಟೈರು ನೋಡಲು ಭರ್ಜರಿ. ಆದರೆ ಒಟ್ಟು ಎತ್ತರ 763 ಮಿ.ಮೀ., 16 ಇಂಚಿನದಕ್ಕಿಂತ ಬರೀ 14 ಮಿ.ಮೀ. ಹೆಚ್ಚು. ಅದಕ್ಕೆ ತೆತ್ತ ಬೆಲೆ ಎಂದರೆ ಪಕ್ಕದ ಗೋಡೆ 171ರಿಂದ 153 ಮಿ.ಮೀ.ಗೆ ಇಳಿದದ್ದು. ಹೈಲಕ್ಸ್‌ನಲ್ಲಿ 17 ಇಂಚಿನ ರಿಮ್ಮಿಗೆ 265/65, 18ಕ್ಕೆ 265/60 ಕೊಡುತ್ತಾರೆ. ಲೆಕ್ಕ ಹಾಕಿದರೆ ಎರಡರ ಎತ್ತರದಲ್ಲಿ ಇರುವ ವ್ಯತ್ಯಾಸ ಒಂದು ಮಿ.ಮೀ. ಮಾತ್ರ! ರಿಮ್ಮು ದೊಡ್ಡದಾದರೆ ಟೈರು ದೊಡ್ಡದಾದಂತಲ್ಲ. ತೋಟದ ರಸ್ತೆಯಲ್ಲಿ ಕಲ್ಲಿನ ಏಟು ತಿನ್ನುವುದು, ಗಾಳಿ ಇಳಿಸಿದಾಗ ಹಿಗ್ಗಿ ನೆಲ ತಬ್ಬುವುದು ಆ ರಬ್ಬರ್ ಗೋಡೆಯೇ. ಕಚ್ಚಾ ರಸ್ತೆ ಹೆಚ್ಚು ಓಡಿಸುವವರು ಚಿಕ್ಕ ರಿಮ್ಮನ್ನೇ ಇಟ್ಟುಕೊಳ್ಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಈಗ ದೊಡ್ಡ ಟೈರಿನ ಲಾಭದ ಲೆಕ್ಕ. 245/70ರ ಜಾಗದಲ್ಲಿ 265/75 ಆರ್ 16 ಹಾಕಿದರೆ ಎತ್ತರ 804 ಮಿ.ಮೀ. ಆಗುತ್ತದೆ. ಹೆಚ್ಚಿದ್ದು 54.5 ಮಿ.ಮೀ., ಎರಡು ಇಂಚಿಗೂ ಮೇಲೆ. ಗಾಡಿ ಎರಡು ಇಂಚು ಎದ್ದಿತು ಎಂದು ಬಹಳ ಜನ ತಿಳಿಯುತ್ತಾರೆ. ಆದರೆ ಆಕ್ಸಲ್ ಇರುವುದು ಚಕ್ರದ ನಡುವೆ. ನಡುವಿನಿಂದ ನೆಲಕ್ಕೆ ಇರುವುದು ಅರ್ಧ ವ್ಯಾಸ. ಹಾಗಾಗಿ ಅಡಿಯಲ್ಲಿ ನಿಜವಾಗಿ ಸಿಗುವುದು 27 ಮಿ.ಮೀ., ಒಂದು ಇಂಚಿಗಿಂತ ಒಂದು ಎಳೆ ಹೆಚ್ಚು. ಇನ್ನೂ ಸಾಧಾರಣವಾದ 265/70 ಆರ್ 16ರಲ್ಲಿ ಸಿಗುವುದು 14 ಮಿ.ಮೀ.

ಅಷ್ಟಾದರೂ ಈ ಅರ್ಧ ಬೆಲೆಬಾಳುವಂಥದು. ಹಿಂದಿನ ಡಿಫರೆನ್ಷಿಯಲ್ ಗಾಡಿಯ ಅಡಿಯಲ್ಲಿ ತೀರ ತಗ್ಗಾದ ಭಾಗಗಳಲ್ಲಿ ಒಂದು. ಅದು ಆಕ್ಸಲ್ ಜೊತೆಗೇ ಇರುವುದರಿಂದ ಸ್ಪ್ರಿಂಗ್ ಎತ್ತರಿಸಿ, ಕಮಾನಿಗೆ ಪಟ್ಟಿ ಸೇರಿಸಿ, ಏನು ಮಾಡಿದರೂ ಒಂದು ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಅದನ್ನು ಎತ್ತಬಲ್ಲದ್ದು ಟೈರು ಮಾತ್ರ. ಸ್ಪ್ರಿಂಗ್ ಬದಲಿಸಿದರೆ ಬಾಡಿ, ಚಾಸಿಸ್, ಬಂಪರ್ ಏಳುತ್ತವೆ, ದೊಡ್ಡ ಟೈರಿಗೆ ಜಾಗ ಸಿಗುತ್ತದೆ, ಅಷ್ಟೇ. ಆದ್ದರಿಂದ ಮೊದಲು ಟೈರು ಆರಿಸಿ, ಆ ಟೈರಿಗೆ ಜಾಗ ಸಾಲದಿದ್ದರೆ ಮಾತ್ರ ಎತ್ತರಿಸುವ ವಿಚಾರಕ್ಕೆ ಬರಬೇಕು. ಬಹಳಷ್ಟು ಮಂದಿ ಇದನ್ನು ತಿರುಗುಮುರುಗು ಮಾಡಿ ಎರಡು ಸಲ ಖರ್ಚು ಮಾಡುತ್ತಾರೆ.

ದೊಡ್ಡ ಟೈರು ಪುಕ್ಕಟೆ ಬರುವುದಿಲ್ಲ. 804 ಮಿ.ಮೀ. ಟೈರು ಒಂದು ಸುತ್ತಿಗೆ ಶೇ 7ರಷ್ಟು ಹೆಚ್ಚು ದೂರ ಹೋಗುತ್ತದೆ. ಸ್ಪೀಡೋಮೀಟರ್‌ಗೆ ಅದು ಗೊತ್ತಾಗುವುದಿಲ್ಲ. ಮೊದಲು ಮುಳ್ಳು 80 ತೋರಿಸುತ್ತಿದ್ದ ಜಾಗದಲ್ಲಿ ಇದ್ದ ವೇಗಕ್ಕೆ ಈಗ ಶೇ 7 ಸೇರಿಸಿಕೊಳ್ಳಬೇಕು. ಕಿಲೋಮೀಟರ್ ಲೆಕ್ಕವೂ ಕಡಿಮೆ ಬೀಳುತ್ತದೆ. ಮೈಲೇಜು ಇಳಿದಂತೆ ಕಾಣುವುದರಲ್ಲಿ ಒಂದು ಪಾಲು ಈ ಲೆಕ್ಕದ ತಪ್ಪು, ಉಳಿದದ್ದು ನಿಜವಾದ ಇಳಿಕೆ. ಇದಕ್ಕಿಂತ ಮುಖ್ಯವಾದದ್ದು ಗೇರು. ದೊಡ್ಡ ಚಕ್ರ ಹಾಕುವುದೆಂದರೆ ಎಲ್ಲ ಗೇರುಗಳನ್ನೂ ಸ್ವಲ್ಪ ಮೇಲಕ್ಕೆ ಏರಿಸಿದಂತೆ. ತೋಟದ ಕಡಿದಾದ ಏರಿನಲ್ಲಿ ಮೊದಲ ಗೇರಿನಲ್ಲೇ ನಿಧಾನವಾಗಿ ಹತ್ತುತ್ತಿದ್ದ ಗಾಡಿಗೆ ಈಗ ಅರ್ಧ ಕ್ಲಚ್ ಹಿಡಿಯಬೇಕಾಗುತ್ತದೆ, ಕ್ಲಚ್ ಪ್ಲೇಟು ಬೇಗ ಸುಡುತ್ತದೆ. ಬ್ರೇಕಿನದೂ ಅದೇ ಕತೆ: ಪ್ಯಾಡ್ ಡಿಸ್ಕನ್ನು ಅದೇ ಬಲದಲ್ಲಿ ಹಿಡಿದರೂ ಚಕ್ರದ ತ್ರಿಜ್ಯ ಹೆಚ್ಚಾದಷ್ಟು ನೆಲದ ಮೇಲಿನ ತಡೆ ಕಡಿಮೆ. ಅದರ ಜೊತೆಗೆ ಟೈರಿನ ತೂಕ ಬೇರೆ. ಘಾಟಿ ಇಳಿಯುವವರು ಇದನ್ನು ಹಗುರವಾಗಿ ಕಾಣಬಾರದು. ಶೇ 3ರಿಂದ 4ರಷ್ಟು ಹೆಚ್ಚಳಕ್ಕೆ ಗಾಡಿ ಹೊಂದಿಕೊಳ್ಳುತ್ತದೆ. ಅದಕ್ಕಿಂತ ಮುಂದೆ ಒಂದೊಂದು ಹೆಜ್ಜೆಗೂ ಬೇರೆಲ್ಲೋ ತೆರಿಗೆ ಕಟ್ಟಬೇಕು.

ಸ್ಟೆಪ್ನಿಯನ್ನೂ ಮರೆಯುವಂತಿಲ್ಲ. ತೊಟ್ಟಿಯ ಅಡಿಯಲ್ಲಿ ನೇತುಹಾಕುವ ಜಾಗದಲ್ಲಿ ದೊಡ್ಡ ಟೈರು ಕೂರುತ್ತದೆಯೇ ಎಂದು ಮೊದಲೇ ಅಳೆಯಬೇಕು. ಕೂರುವುದಿಲ್ಲವೆಂದು ಹಳೆಯ ಅಳತೆಯದನ್ನೇ ಇಟ್ಟುಕೊಂಡರೆ ಅಪಾಯ. ಈ ಗಾಡಿಗಳಲ್ಲಿ ಫೋರ್‌ವೀಲ್ ಹಾಕಿದಾಗ ಮುಂದಿನ, ಹಿಂದಿನ ಆಕ್ಸಲ್‌ಗಳು ಒಂದಕ್ಕೊಂದು ಬಿಗಿಯಾಗಿ ಸೇರಿಕೊಳ್ಳುತ್ತವೆ. ಒಂದು ಚಕ್ರ ಸಣ್ಣದು, ಮೂರು ದೊಡ್ಡದು ಎಂದಾದರೆ ಗೇರುಗಳು ಒಂದನ್ನೊಂದು ತಿರುಚುತ್ತವೆ. ಐದೂ ಟೈರು ಒಂದೇ ಅಳತೆ, ಒಂದೇ ಜಾತಿ ಇರಬೇಕು.

ಇನ್ನು ಆ ಜಾತಿಯ ವಿಷಯ. ಭಾವನ ಸಮಸ್ಯೆಗೆ ಉತ್ತರ ಇದ್ದದ್ದು ಇಲ್ಲಿಯೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅಂಗಡಿಯವರು ಎಚ್‌ಟಿ, ಎಟಿ, ಎಂಟಿ ಎನ್ನುತ್ತಾರೆ. ಎಚ್‌ಟಿ ಹೆದ್ದಾರಿಯದು. ಹಲ್ಲುಗಳು ಒತ್ತೊತ್ತಾಗಿ, ನಡುವಿನ ಸೀಳು ಕಿರಿದಾಗಿ ಇರುತ್ತವೆ. ಸದ್ದಿಲ್ಲ, ಮಳೆಯ ಟಾರಿನಲ್ಲಿ ಒಳ್ಳೆಯ ಹಿಡಿತ. ಆದರೆ ಜೇಡಿಮಣ್ಣು ಆ ಕಿರಿದಾದ ಸೀಳಿಗೆ ಒಮ್ಮೆ ಹೊಕ್ಕರೆ ಹೊರಬರುವುದಿಲ್ಲ. ಎರಡು ಸುತ್ತಿನಲ್ಲಿ ಟೈರು ಮಣ್ಣಿನ ಉರುಳೆಯಾಗುತ್ತದೆ. ಎಂಟಿ ಕೆಸರಿನದು. ದಪ್ಪ ಹಲ್ಲು, ನಡುವೆ ಹೆಬ್ಬೆರಳು ತೂರುವಷ್ಟು ಜಾಗ. ಚಕ್ರ ತಿರುಗಿದಂತೆ ಮಣ್ಣನ್ನು ತಾನೇ ಎಸೆದು ಪ್ರತಿ ಸುತ್ತಿಗೂ ಹೊಸ ಹಲ್ಲು ಕೊಡುತ್ತದೆ. ಆದರೆ ನೆಲಕ್ಕೆ ತಾಗುವ ರಬ್ಬರ್ ಕಡಿಮೆಯಾದ್ದರಿಂದ ಒದ್ದೆ ಟಾರಿನ ಮೇಲೆ ಬ್ರೇಕು ಹಾಕಿದಾಗ ದೂರ ಜಾರುತ್ತದೆ, ಹೆದ್ದಾರಿಯಲ್ಲಿ ಕಿವಿ ತುಂಬ ಗುಂಯ್ ಎನ್ನುತ್ತದೆ, ಬೇಗ ಸವೆಯುತ್ತದೆ. ಎಟಿ ಇವೆರಡರ ನಡುವಿನದು.

ನೀವು ವರ್ಷಕ್ಕೆ ಓಡಿಸುವ ಕಿಲೋಮೀಟರ್‌ಗಳಲ್ಲಿ ಕೆಸರು ಎಷ್ಟು, ಟಾರು ಎಷ್ಟು ಎಂದು ಪ್ರಾಮಾಣಿಕವಾಗಿ ಲೆಕ್ಕ ಹಾಕಿ. ಭಾವನದು ಮನೆಯಿಂದ ತೋಟಕ್ಕೆ ಮೂರು ಕಿಲೋಮೀಟರ್ ಕಚ್ಚಾ ರಸ್ತೆ, ಉಳಿದದ್ದೆಲ್ಲ ಮೂಡಿಗೆರೆ, ಚಿಕ್ಕಮಗಳೂರು, ಆಗಾಗ ಮಂಗಳೂರು. ಮೂರು ಕಿಲೋಮೀಟರಿಗೆಂದು ಎಂಟಿ ಹಾಕಿ, ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಇಳಿಯುವುದು ಬುದ್ಧಿವಂತಿಕೆಯಲ್ಲ. ನಮ್ಮ ಹಿರಿಯರು ಜೀಪಿನ ಟೈರಿಗೆ ಜೂನ್ ಬಂತೆಂದರೆ ಚೈನು ಕಟ್ಟುತ್ತಿದ್ದರು, ಟಾರು ರಸ್ತೆ ಸಿಕ್ಕಲ್ಲಿ ಬಿಚ್ಚುತ್ತಿದ್ದರು. ಕೆಸರಿನ ಕೆಲಸಕ್ಕೆ ಕೆಸರಿನ ಸಾಧನ, ಅದು ಮುಗಿದ ಮೇಲೆ ತೆಗೆದಿಡುವುದು. ಆ ವಿವೇಕ ಇವತ್ತಿಗೂ ಸಲ್ಲುತ್ತದೆ.

ಚೈನಿಗಿಂತ ಸುಲಭದ ಉಪಾಯ ಗಾಳಿ. ಕೆಸರಿಗೆ ಇಳಿಯುವ ಮೊದಲು ಟೈರಿನ ಗಾಳಿಯನ್ನು ಇಪ್ಪತ್ತು ಪೌಂಡಿನ ಆಸುಪಾಸಿಗೆ ಇಳಿಸಿ ನೋಡಿ. ಟೈರು ಉದ್ದಕ್ಕೆ ಹಿಗ್ಗಿ ನೆಲವನ್ನು ಹೆಚ್ಚು ತಬ್ಬುತ್ತದೆ. ನಿಧಾನವಾಗಿ ಓಡಿಸಬೇಕು, ಸ್ಟೀರಿಂಗ್ ಥಟ್ಟನೆ ತಿರುಗಿಸಬಾರದು, ಗಟ್ಟಿ ರಸ್ತೆ ಸಿಕ್ಕ ಕೂಡಲೇ ಮತ್ತೆ ತುಂಬಿಸಬೇಕು. ಬ್ಯಾಟರಿಗೆ ಸಿಕ್ಕಿಸುವ ಒಂದು ಗಾಳಿ ಪಂಪು, ಒಂದು ಗೇಜು ಸೀಟಿನ ಕೆಳಗಿದ್ದರೆ ಸಾಕು. ದೊಡ್ಡ ಟೈರಿಗೆ ಹಾಕುವ ಹಣದ ಒಂದು ಸಣ್ಣ ಚೂರು ಇದು.

ಕೊಳ್ಳುವಾಗ ನೋಡಲೇಬೇಕಾದ ಇನ್ನೆರಡು ಗುರುತುಗಳಿವೆ. ಅಳತೆಯ ಪಕ್ಕದಲ್ಲಿ 112 ಎಸ್ ಎಂಬಂಥ ಬರಹ ಇರುತ್ತದೆ. 112 ಎಂದರೆ ಒಂದು ಟೈರು 1120 ಕೆ.ಜಿ. ಹೊರಬಲ್ಲದು, ಎಸ್ ಎಂದರೆ ಗಂಟೆಗೆ 180 ಕಿ.ಮೀ.ವರೆಗೆ ತಡೆಯಬಲ್ಲದು. ಕಂಪನಿ ಕೊಟ್ಟ ಟೈರಿನ ಭಾರದ ಅಂಕಿಗಿಂತ ಕೆಳಗಿನದನ್ನು ಯಾವ ಕಾರಣಕ್ಕೂ ಹಾಕಿಸಬೇಡಿ. ಎರಡನೆಯದು, ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ. 2423 ಎಂದಿದ್ದರೆ 2023ರ 24ನೇ ವಾರ ತಯಾರಾದದ್ದು. ಅಂಗಡಿಯಲ್ಲಿ ವರ್ಷಗಟ್ಟಲೆ ಕೂತ ಟೈರನ್ನು ಹೊಸದರ ಬೆಲೆಗೆ ಕೊಳ್ಳುವ ಅಗತ್ಯವಿಲ್ಲ.

ಈಗ ಮುಂಭಾಗ ಎತ್ತುವ ಮಾತಿಗೆ ಬರೋಣ. ಖಾಲಿ ಪಿಕಪ್ಪನ್ನು ಪಕ್ಕದಿಂದ ನೋಡಿ, ಮೂಗು ತಗ್ಗಿ ಬಾಲ ಎತ್ತಿ ನಿಂತಿರುತ್ತದೆ. ಅದು ತಯಾರಕರ ತಪ್ಪಲ್ಲ, ಬೇಕೆಂದೇ ಮಾಡಿದ್ದು. ಹಿಂದೆ ಭಾರ ಹೇರಿದಾಗ ಕಮಾನು ಬಗ್ಗಿ ಗಾಡಿ ಸಮವಾಗಲಿ ಎಂದು. ಮುಂಭಾಗ ಎತ್ತಿ ಖಾಲಿ ಗಾಡಿಯನ್ನೇ ಸಮ ಮಾಡುವ ‘ಲೆವೆಲಿಂಗ್ ಕಿಟ್’ ಪದ್ಧತಿ ಬೆಳೆದದ್ದು ಅಮೆರಿಕದಲ್ಲಿ. ಅದನ್ನು ಮಾಡಿಸಿದ ಗಾಡಿಗೆ 50 ಕೆ.ಜಿ.ಯ ನಾಲ್ಕೈದು ಗೊಬ್ಬರದ ಚೀಲ ಹೇರಿ ನೋಡಿ, ಬಾಲ ಕುಸಿದು ಮೂಗು ಮೇಲಾಗುತ್ತದೆ. ಅಮೆರಿಕದಲ್ಲಿ ಕೆಲವರು ಶೋಕಿಗಾಗಿ ಮುಂಭಾಗವನ್ನು ಎಷ್ಟು ಎತ್ತಿದರೆಂದರೆ ಚಾಲಕನಿಗೆ ಬಾನೆಟ್ ಮುಂದಿನ ರಸ್ತೆಯೇ ಕಾಣದಂತಾಯಿತು. ಉತ್ತರ ಕೆರೊಲಿನಾ ರಾಜ್ಯ 2021ರ ಡಿಸೆಂಬರ್‌ನಿಂದ, ಮುಂದಿನ ಫೆಂಡರ್ ಹಿಂದಿನದಕ್ಕಿಂತ ನಾಲ್ಕು ಇಂಚು ಅಥವಾ ಅದಕ್ಕೂ ಹೆಚ್ಚು ಎತ್ತರ ಇರುವಂತೆ ಮಾರ್ಪಡಿಸಿದ ಗಾಡಿಗಳನ್ನು ರಸ್ತೆಯಲ್ಲಿ ನಿಷೇಧಿಸಿತು.

ಎತ್ತುವ ದಾರಿಗಳು ಹಲವು. ಅಗ್ಗದ್ದು ಸ್ಪೇಸರ್: ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಜೋಡಣೆಯ ನೆತ್ತಿಯ ಮೇಲೆ ಒಂದು ದಪ್ಪ ಬಿಲ್ಲೆ ಇಟ್ಟು ಬೋಲ್ಟ್ ಬಿಗಿಯುವುದು. ಆ ಜೋಡಣೆಯ ಬುಡ ಕೂತಿರುವುದು ಚಕ್ರವನ್ನು ಹಿಡಿದಿರುವ ಕೆಳಗಿನ ಆರ್ಮಿನ ತುದಿಯಲ್ಲಲ್ಲ, ಸುಮಾರು ಅರ್ಧದಾರಿಯಲ್ಲಿ. ಹಾಗಾಗಿ ಒಂದು ಇಂಚಿನ ಬಿಲ್ಲೆಗೆ ಗಾಡಿ ಹತ್ತಿರಹತ್ತಿರ ಎರಡು ಇಂಚು ಏಳುತ್ತದೆ. ಎರಡು ಇಂಚು ಬೇಕೆಂದು ಎರಡು ಇಂಚಿನ ಬಿಲ್ಲೆ ಇಟ್ಟರೆ ಕೆಟ್ಟಿತು. ಇನ್ನೊಂದು, ಬಿಲ್ಲೆಯನ್ನು ಸ್ಪ್ರಿಂಗಿನ ಮೇಲೆ ಒಳಗಡೆ ಕೂರಿಸಿ ಅದನ್ನು ಮೊದಲೇ ಅದುಮಿಡುವುದು. ಇದರಲ್ಲಿ ಸವಾರಿ ಬಿರುಸಾಗುತ್ತದೆ, ಹಂಪು ಹಾರಿದಾಗ ಮುಂದೆ ಟಕ್ಕೆಂದು ಬಡಿಯುತ್ತದೆ. ಸರಿಯಾದ ದಾರಿ ಎಂದರೆ ಆ ಎತ್ತರಕ್ಕೆಂದೇ ಮಾಡಿದ ಸ್ಪ್ರಿಂಗ್, ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರ್, ಬೇಕಾದರೆ ಮೇಲಿನ ಆರ್ಮನ್ನೂ ಬದಲಿಸುವುದು. ದುಬಾರಿ, ಆದರೆ ಉಳಿದವೆಲ್ಲ ತೇಪೆ.

ಯಾವ ದಾರಿಯಲ್ಲಿ ಎತ್ತಿದರೂ ನೋವು ತಿನ್ನುವುದು ಮುಂದಿನ ಚಕ್ರಕ್ಕೆ ಬಲ ಒಯ್ಯುವ ಡ್ರೈವ್ ಶಾಫ್ಟ್. ಮುಂದಿನ ಡಿಫರೆನ್ಷಿಯಲ್ ಚಾಸಿಸ್‌ಗೆ ಬಿಗಿದಿರುವುದರಿಂದ ಮೇಲೆ ಹೋಗುತ್ತದೆ, ಚಕ್ರ ಕೆಳಗೇ ಉಳಿಯುತ್ತದೆ. ನಡುವಿನ ಶಾಫ್ಟು ಓರೆಯಾಗುತ್ತದೆ. ಅದರ ಕೀಲನ್ನು ಮುಚ್ಚಿದ ರಬ್ಬರ್ ಬೂಟಿನ ಮಡಿಕೆಗಳು ಒಂದು ಕಡೆ ಒತ್ತರಿಸಿ, ಇನ್ನೊಂದು ಕಡೆ ಹಿಗ್ಗಿ, ಪ್ರತಿ ಸುತ್ತಿಗೂ ಉಜ್ಜುತ್ತವೆ. ಪರಿಚಯದವರೊಬ್ಬರು ಬಿಲ್ಲೆ ಇಡಿಸಿ ಎಂಟು ತಿಂಗಳಿಗೆ ಗಾಡಿಯನ್ನು ಪಿಟ್ಟಿನ ಮೇಲೆ ತಂದಾಗ ನಾನೂ ಕೆಳಗಿಳಿದು ನೋಡಿದ್ದೆ. ರಿಮ್ಮಿನ ಒಳಮೈಯಲ್ಲಿ ವೃತ್ತಾಕಾರಕ್ಕೆ ಕಪ್ಪು ಗ್ರೀಸು ಸಿಡಿದಿತ್ತು. ಮೇಸ್ತ್ರಿ ಬೂಟನ್ನು ಬೆರಳಿನಿಂದ ಬಿಡಿಸಿದರು: ಮಡಿಕೆಯೊಂದು ಉದ್ದಕ್ಕೆ ಸೀಳಿತ್ತು, ಒಳಗಿನ ಗ್ರೀಸಿನಲ್ಲಿ ಕೆಂಪು ಮಣ್ಣಿನ ಕಣ. “ಇದನ್ನ ಕೈಯಲ್ಲಿ ತಿಕ್ಕಿ ನೋಡಿ ಸಾರ್,” ಎಂದರು. ಮರಳು ಕಾಗದದಂತೆ ತರಿತರಿಯಾಗಿತ್ತು. ಆ ಮರಳು ಕೀಲನ್ನೇ ತಿಂದಿತ್ತು, ಇಡೀ ಶಾಫ್ಟ್ ಬದಲಿಸಬೇಕಾಯಿತು.

ಸ್ಟೀರಿಂಗೂ ಬದಲಾಗುತ್ತದೆ. ಗಾಡಿ ಎದ್ದಾಗ ಆರ್ಮುಗಳ ಕೋನ ಬದಲಾಗಿ ಚಕ್ರದ ಕ್ಯಾಸ್ಟರ್, ಅಂದರೆ ಸ್ಟೀರಿಂಗ್ ಅಕ್ಷ ಹಿಂದಕ್ಕೆ ವಾಲಿರುವ ಕೋನ, ಕಡಿಮೆಯಾಗುತ್ತದೆ. ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದು ಮುಖ್ಯವಾಗಿ ಕ್ಯಾಸ್ಟರ್ ಇರುವುದರಿಂದ. ಅದು ಕುಂದಿದರೆ ಹೆದ್ದಾರಿಯಲ್ಲಿ ಗಾಡಿ ಅತ್ತಿತ್ತ ಅಲೆಯುತ್ತದೆ. ಎತ್ತಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು, ಟೋ ಮಾತ್ರವಲ್ಲ, ಕ್ಯಾಂಬರ್ ಕ್ಯಾಸ್ಟರ್ ಎರಡರ ಅಂಕಿಯನ್ನೂ ಕಾಗದದಲ್ಲಿ ಕೇಳಿ ಪಡೆಯಿರಿ. ಕಂಪನಿ ಹೇಳಿದ ಮಿತಿಗೆ ಅವು ಬರುತ್ತಿಲ್ಲವೆಂದರೆ ಎತ್ತರ ಹೆಚ್ಚಾಯಿತು ಎಂದೇ ಅರ್ಥ.

ಎತ್ತುವುದು ನಿಜವಾಗಿ ಬೇಕೇ ಎಂದು ತಿಳಿಯಲು ಒಂದು ಚೂರು ಸೀಮೆಸುಣ್ಣ ಸಾಕು. ಭಾವನ ಗಾಡಿಗೆ ಟೈರ್ ಅಂಗಡಿಯ ಹಿರಿಯರು ಮಾಡಿದ್ದು ಇದನ್ನೇ. 265/70ರ ಎರಡು ಟೈರನ್ನು ಮುಂದಕ್ಕೆ ಹಾಕಿ, ಅವುಗಳ ಭುಜಕ್ಕೆ ಸುತ್ತಲೂ ಸೀಮೆಸುಣ್ಣ ಬಳಿದರು. ಸ್ಟೀರಿಂಗನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ, ಮುಂದೆ ಹಿಂದೆ ಓಡಿಸಿದರು. ಒಂದು ಚಕ್ರವನ್ನು ಮರದ ದಿಮ್ಮಿಯ ಮೇಲೆ ಹತ್ತಿಸಿ ಸ್ಪ್ರಿಂಗ್ ಅದುಮಿ ಮತ್ತೊಮ್ಮೆ ತಿರುಗಿಸಿದರು. ಆಮೇಲೆ ಟಾರ್ಚ್ ಹಿಡಿದು ಒಳಗಿನ ಪ್ಲಾಸ್ಟಿಕ್ ನೋಡಿದರೆ, ಬಂಪರಿನ ಹಿಂದಿನ ಮೂಲೆಯಲ್ಲಿ ಎರಡು ಬೆರಳಗಲ ಬಿಳಿ ಗೀರು, ಅದೂ ಹಿಂದಕ್ಕೆ ತೆಗೆಯುವಾಗ ಪೂರ್ತಿ ತಿರುಗಿಸಿದರೆ ಮಾತ್ರ. ಪ್ಲಾಸ್ಟಿಕ್ ಕ್ಲಿಪ್ಪನ್ನು ಒಂದಿಷ್ಟು ಹಿಂದೆ ಸರಿಸಿದ್ದೇ ತಡ, ಅದೂ ಹೋಯಿತು. “ಎತ್ತೋ ಕೆಲಸ ಇದಕ್ಕೆ ಬೇಡ ಸಾರ್. ಮಾಡಿದ್ರೆ ನನಗೇ ಲಾಭ, ಆದ್ರೂ ಬೇಡ,” ಎಂದರು ಅವರು. ಭಾವ ಒಂದು ನಿಮಿಷ ಸುಮ್ಮನಿದ್ದು ತಲೆಯಾಡಿಸಿದರು.

ಕಾನೂನಿನ ಮಾತೂ ಗೊತ್ತಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ನಮೂದಿಸಿದ ವಿವರಕ್ಕಿಂತ ಭಿನ್ನವಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಎಂದು ಸೇರಿಸಲಾಯಿತು. ಟೈರಿನ ಅಳತೆ ಬದಲಿಸುವ ಮೊದಲು ಗಾಡಿಯ ಕೈಪಿಡಿ ನೋಡಿ, ಕಂಪನಿಯ ಸರ್ವಿಸ್ ಸೆಂಟರಿನಲ್ಲಿ, ಆರ್‌ಟಿಒದಲ್ಲಿ ಕೇಳಿ, ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ. ಅಪಘಾತವಾದ ಮೇಲೆ ಪರಿಹಾರದ ಅರ್ಜಿ ತಿರಸ್ಕಾರವಾದರೆ ಎರಡು ಇಂಚು ಎತ್ತುವ ಬಿಲ್ಲೆ ಬಹಳ ದುಬಾರಿಯಾಗಿ ಕಾಣುತ್ತದೆ.

ಇವೆಲ್ಲ ವಿಚಾರಿಸಿಕೊಂಡ ಮೇಲೆ ಭಾವ ಐದು ಎಟಿ ಟೈರು ಹಾಕಿಸಿದರು, 265/70 ಆರ್ 16. ಮುಂಭಾಗ ಮುಟ್ಟಲಿಲ್ಲ. ಜುಲೈಯಲ್ಲಿ ಅದೇ ಇಳಿಜಾರಿನಲ್ಲಿ, ಗಾಳಿ ಇಪ್ಪತ್ತೆರಡಕ್ಕೆ ಇಳಿಸಿಕೊಂಡು, ಎರಡನೇ ಗೇರಿನಲ್ಲಿ ಗಾಡಿ ಹತ್ತಿ ಬಂತು. ಅಡಿಯಲ್ಲಿ ಹೆಚ್ಚಾದದ್ದು 14 ಮಿ.ಮೀ., ಒಂದು ಬೆರಳಿನ ಅಗಲ. ಹತ್ತಿಸಿದ್ದು ಆ ಬೆರಳಗಲವಲ್ಲ, ಟೈರಿನ ಹಲ್ಲು.

ಆದರೂ ಎತ್ತಲೇಬೇಕಾದವರು ಇದ್ದಾರೆ. ಹಳ್ಳ ದಾಟಿ ಹೋಗುವವರು, ಬಂಪರಿನ ಮೂಗು ದಿನವೂ ಚಡಿಗೆ ಬಡಿಯುವವರು. ಅವರಲ್ಲಿ ಒಂದೇ ಕೋರಿಕೆ. ಮುಂಭಾಗ ಎದ್ದ ದಿನ ಹೆಡ್‌ಲೈಟಿನ ಬೆಳಕೂ ಮೇಲೇಳುತ್ತದೆ. ನಿಮಗದು ಗೊತ್ತಾಗುವುದಿಲ್ಲ, ಎದುರಿನಿಂದ ಬೈಕಿನಲ್ಲಿ ಬರುವವನ ಕಣ್ಣಿಗೆ ಗೊತ್ತಾಗುತ್ತದೆ. ಸಮನೆಲದಲ್ಲಿ ಗೋಡೆಯಿಂದ ಹತ್ತು ಮೀಟರ್ ದೂರ ನಿಲ್ಲಿಸಿ, ಡಿಮ್ ಬೆಳಕಿನ ಮೇಲಂಚು ಲೈಟಿನ ಎತ್ತರಕ್ಕಿಂತ ಸುಮಾರು ಹತ್ತು ಸೆಂಟಿಮೀಟರ್ ಕೆಳಗೆ ಬೀಳುವಂತೆ ಸ್ಕ್ರೂ ತಿರುಗಿಸಿ ಸರಿಮಾಡಿಸಿ. ಹಿಂದೆ ಭಾರ ಹೇರಿಯೂ ಒಮ್ಮೆ ನೋಡಿ. ಗ್ಯಾರೇಜಿನಿಂದ ಗಾಡಿ ರಸ್ತೆಗೆ ಇಳಿಯುವ ಮೊದಲೇ ಈ ಕೆಲಸ ಆಗಲಿ, ನಾಳೆಗೆ ಬಿಡಬೇಡಿ.